ಸೆಕೆಂಡ್ ಲೈಫ್‌ನಲ್ಲಿ ಜಾಗ ಕೊಳ್ಳುವ ಮುಂಚೆ ಏನೇನು ನೋಡಬೇಕು

ಸೆಕೆಂಡ್ ಲೈಫ್ ಅಂದರೆ ಕಂಪ್ಯೂಟರಿನಲ್ಲಿ ನಮ್ಮದೊಂದು ಪಾತ್ರ (ಅವತಾರ) ಮಾಡಿಕೊಂಡು ಓಡಾಡುವ ಆನ್‌ಲೈನ್ ಜಗತ್ತು. ಅದರ ಮ್ಯಾಪ್ ತೆರೆದು, ಮಾರಾಟಕ್ಕಿರುವ ಜಾಗ ತೋರಿಸು ಅಂತ ಗುರುತು ಹಾಕಿದರೆ ಅಲ್ಲಲ್ಲಿ ಹಳದಿ ತುಂಡುಗಳು ಕಾಣುತ್ತವೆ. ಒಂದನ್ನು ಒತ್ತಿ ನೋಡುತ್ತೀರಿ. 1024 ಚದರ ಮೀಟರ್, ಪಕ್ಕದಲ್ಲೇ ನೀರು, ಬೆಲೆ ಅಲ್ಲಿನ ದುಡ್ಡಿನಲ್ಲಿ 2,000 ಲಿಂಡನ್ ಡಾಲರ್. ಒಂದು ಅಮೆರಿಕನ್ ಡಾಲರಿಗೆ ಸುಮಾರು 250 ಲಿಂಡನ್ ಡಾಲರ್ ಲೆಕ್ಕ ಹಿಡಿದರೆ ಎಂಟು ಡಾಲರ್ ಆಯಿತು. ಇಬ್ಬರು ಹೋಟೆಲಿಗೆ ಹೋಗಿ ಊಟ ಮಾಡಿ ಬಂದಷ್ಟು ಖರ್ಚು, ಅಷ್ಟೇ ಅಲ್ವಾ ಅನ್ನಿಸುತ್ತದೆ. ಕೈ ಸೀದಾ ‘ಬೈ’ ಗುಂಡಿಯ ಹತ್ತಿರ ಹೋಗುತ್ತದೆ.

ಅಲ್ಲೇ ಸ್ವಲ್ಪ ನಿಲ್ಲಿ. ಆ ಎಂಟು ಡಾಲರ್ ಇಡೀ ಖರ್ಚಿನ ಸಣ್ಣ ಚೂರು. ಉಳಿದದ್ದು ಬೆಲೆಯ ಪಕ್ಕದಲ್ಲಿ ಬರೆದಿರುವುದಿಲ್ಲ.

ಕೈಗೆ ಬರುವುದು ಏನು?

ಸೆಕೆಂಡ್ ಲೈಫ್ 2003ರಲ್ಲಿ ಶುರುವಾಯಿತು. ನಡೆಸುವುದು ಸ್ಯಾನ್ ಫ್ರಾನ್ಸಿಸ್ಕೊದ ಲಿಂಡನ್ ಲ್ಯಾಬ್. ಅಲ್ಲಿನ ನೆಲವನ್ನು 256 ಮೀಟರ್ ಉದ್ದ, 256 ಮೀಟರ್ ಅಗಲದ ಚೌಕಗಳಾಗಿ ಮಾಡಿದ್ದಾರೆ. ಒಂದು ಚೌಕಕ್ಕೆ ರೀಜನ್ ಎನ್ನುತ್ತಾರೆ. ಅದರೊಳಗಿನ ತುಂಡು ಪಾರ್ಸೆಲ್, ನಮ್ಮ ಮಾತಿನಲ್ಲಿ ಸೈಟು. ನೋಡಲು ಹುಲ್ಲು, ಮರಳು, ಗುಡ್ಡ ಎಲ್ಲ ಇದೆ. ಆದರೆ ಅದು ನಿಜಕ್ಕೂ ಸರ್ವರಿನ ಒಂದು ಪಾಲು. ಸರ್ವರ್ ಓಡಿಸಲು ತಿಂಗಳು ತಿಂಗಳೂ ಖರ್ಚಿದೆ. ಅದನ್ನು ಜಾಗ ಇಟ್ಟುಕೊಂಡವರಿಂದ ವಸೂಲಿ ಮಾಡುತ್ತಾರೆ. ಅಲ್ಲಿಯವರು ಇದನ್ನು ಟಿಯರ್ ಎನ್ನುತ್ತಾರೆ.

ಹಾಗಾಗಿ ಯಾವ ಜಾಗ ನೋಡಿದರೂ ಎರಡು ಪ್ರಶ್ನೆ ಕೇಳಿಕೊಳ್ಳಿ. ತಿಂಗಳ ಬಿಲ್ಲು ಎಷ್ಟು? ಆ ಬಿಲ್ಲನ್ನು ಯಾರು ಯಾರಿಗೆ ಕಟ್ಟುತ್ತಿದ್ದಾರೆ? ನಾನು ಕಂಡ ನಷ್ಟಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದನ್ನು ಕೇಳದೆ ಆದವು.

ಕಾನೂನಿನ ಮಾತು ಬೇರೆಯೇ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ ವಕೀಲ ಮಾರ್ಕ್ ಬ್ರ್ಯಾಗ್ 2006ರಲ್ಲಿ ಹರಾಜಿನಲ್ಲಿ ಅಗ್ಗಕ್ಕೆ ಒಂದು ಜಾಗ ಹಿಡಿದರು. ಹರಾಜು ವ್ಯವಸ್ಥೆಯ ದೋಷ ಬಳಸಿಕೊಂಡು ಕೊಂಡಿದ್ದೀರಿ ಎಂದು ಲಿಂಡನ್ ಲ್ಯಾಬ್ ಅವರ ಖಾತೆಯನ್ನೇ ಮುಚ್ಚಿತು. ಖಾತೆಯ ಜೊತೆಗೆ ಜಾಗವೂ ಹೋಯಿತು. ಕೇಸು ಕೋರ್ಟಿಗೆ ಹೋಗಿ, 2007ರಲ್ಲಿ ರಾಜಿಯಲ್ಲಿ ಮುಗಿಯಿತು. ಈಗಿನ ಷರತ್ತುಗಳಲ್ಲಿ ಮಾತು ಸ್ಪಷ್ಟವಾಗಿದೆ. ನಿಮಗೆ ಸಿಗುವುದು ಬಳಸಲು ಅನುಮತಿ ಮಾತ್ರ, ಆಸ್ತಿಯ ಹಕ್ಕಲ್ಲ. ಇಲ್ಲಿ ಪಹಣಿಯೂ ಇಲ್ಲ, ನೋಂದಣಿ ಕಚೇರಿಯೂ ಇಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ನಾನೂ ಒಪ್ಪಿಕೊಂಡಿದ್ದೇನೆ. ಅಲ್ಲಿ ಮನೆ ಕಟ್ಟಿ ಸ್ನೇಹಿತರನ್ನು ಕರೆದು ಕೂತು ಮಾತಾಡುವ ಖುಷಿಗೆ ಆ ದುಡ್ಡು ಕೊಡಬಹುದು ಅನ್ನುವುದು ನನ್ನ ಲೆಕ್ಕ.

ಹಂತ 1: ಜಾಗ ಯಾರದ್ದು ಅಂತ ಮೂರು ಕಡೆ ನೋಡಿ

ಇಲ್ಲಿ ಜಾಗ ಎರಡು ಬಗೆ. ಒಂದು ಮೇನ್‌ಲ್ಯಾಂಡ್, ಅಂದರೆ ಲಿಂಡನ್ ಲ್ಯಾಬ್‌ನದೇ ಖಂಡಗಳು. ಸನ್ಸಾರಾ, ಹೆಟೆರೊಸೆರಾ, ಕಾರ್ಸಿಕಾ, ಗೇಟಾ ಹೀಗೆ ಅವಕ್ಕೆ ಹೆಸರುಗಳಿವೆ. ಅಲ್ಲಿ ಕೊಂಡರೆ ನಿಮ್ಮ ವ್ಯವಹಾರ ನೇರ ಲಿಂಡನ್ ಲ್ಯಾಬ್ ಜೊತೆ. ಇನ್ನೊಂದು ಖಾಸಗಿ ಎಸ್ಟೇಟ್. ಯಾರೋ ಒಬ್ಬರು ಇಡೀ ರೀಜನ್ ತೆಗೆದುಕೊಂಡು, ತುಂಡು ಮಾಡಿ ಬೇರೆಯವರಿಗೆ ಕೊಡುತ್ತಾರೆ. ಅಲ್ಲೂ ‘ಮಾರಾಟಕ್ಕಿದೆ’ ಎಂದೇ ಬರೆದಿರುತ್ತದೆ. ದುಡ್ಡು ಕೊಟ್ಟರೆ ಮಾಲೀಕ ಅನ್ನುವ ಕಡೆ ನಿಮ್ಮ ಹೆಸರೇ ಬರುತ್ತದೆ. ಆದರೆ ಎಸ್ಟೇಟ್ ಮಾಲೀಕರು ಮನಸ್ಸು ಮಾಡಿದರೆ ಯಾವಾಗ ಬೇಕಾದರೂ ಅದನ್ನು ವಾಪಸ್ ತೆಗೆದುಕೊಳ್ಳಬಹುದು. ಹೆಸರು ಮಾರಾಟ, ನಡೆಯುವುದು ಬಾಡಿಗೆ.

ನನ್ನ ಮೊದಲ ಜಾಗ ಇಂಥದ್ದೊಂದು ದ್ವೀಪದಲ್ಲಿತ್ತು. ವಾರದ ಬಾಡಿಗೆ. ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂದರು, ಕಟ್ಟಿದೆ. ಐದನೇ ವಾರ ಲಾಗಿನ್ ಆದಾಗ ನನ್ನ ಪಾತ್ರ ಬೇರೆ ಯಾವುದೋ ಜಾಗದಲ್ಲಿ ನಿಂತಿತ್ತು. ಮ್ಯಾಪ್‌ನಲ್ಲಿ ನಮ್ಮ ದ್ವೀಪ ಇದ್ದ ಕಡೆ ಬರೀ ನೀಲಿ. ಮಾಲೀಕರು ಲಿಂಡನ್ ಲ್ಯಾಬ್‌ಗೆ ಟಿಯರ್ ಕಟ್ಟಿರಲಿಲ್ಲ, ರೀಜನ್ ಮುಚ್ಚಿತ್ತು. ಅವರಿಗೆ ಕಳಿಸಿದ ಮೆಸೇಜುಗಳಿಗೆ ಉತ್ತರವೇ ಬರಲಿಲ್ಲ. ಎರಡು ವಾರಾಂತ್ಯ ಕೂತು ಜೋಡಿಸಿದ ಮನೆ, ಜಗುಲಿ, ತುಳಸಿಕಟ್ಟೆ ಯಾವುದೂ ಇರಲಿಲ್ಲ. ದುಡ್ಡಿಗಿಂತ ತುಳಸಿಕಟ್ಟೆ ಹೋಗಿದ್ದಕ್ಕೆ ಜಾಸ್ತಿ ಬೇಜಾರಾಯಿತು. ಅದನ್ನು ನಾನೇ ಕೈಯಾರೆ ಮಾಡಿದ್ದೆ, ಬೇರೆ ಪ್ರತಿ ಇಟ್ಟುಕೊಂಡಿರಲಿಲ್ಲ.

ಅವತ್ತಿನಿಂದ ಯಾವ ಜಾಗಕ್ಕೆ ಹೋದರೂ ಮೂರು ಹೆಸರು ನೋಡುತ್ತೇನೆ. ನೆಲದ ಮೇಲೆ ರೈಟ್ ಕ್ಲಿಕ್ ಮಾಡಿ ‘ಅಬೌಟ್ ಲ್ಯಾಂಡ್’ ತೆರೆಯಿರಿ. ‘ಜನರಲ್’ ಟ್ಯಾಬಿನಲ್ಲಿ ಪಾರ್ಸೆಲ್ ಮಾಲೀಕರ ಹೆಸರಿದೆ. ಪಕ್ಕದ ‘ಕವನೆಂಟ್’ ಟ್ಯಾಬಿನಲ್ಲಿ ಎಸ್ಟೇಟ್ ಯಾವುದು, ಅದರ ಮಾಲೀಕರು ಯಾರು ಅಂತ ಇದೆ. ಎಸ್ಟೇಟ್ ಹೆಸರಿನ ಜಾಗದಲ್ಲಿ ಮೇನ್‌ಲ್ಯಾಂಡ್ ಎಂದಿದ್ದರೆ ಅದು ಲಿಂಡನ್ ಲ್ಯಾಬ್‌ನದು. ಬಾಡಿಗೆ ಜಾಗವಾದರೆ ದುಡ್ಡು ಹಾಕುವ ಬಾಡಿಗೆ ಡಬ್ಬಿ ಇರುತ್ತದೆ, ಅದರ ಮೇಲೂ ರೈಟ್ ಕ್ಲಿಕ್ ಮಾಡಿ ಅದರ ಮಾಲೀಕರನ್ನು ನೋಡಿ. ಮೂರೂ ಕಡೆ ಒಂದೇ ಹೆಸರಿದ್ದರೆ, ಅಥವಾ ಒಂದೇ ಗುಂಪಿನವರಾಗಿದ್ದರೆ ಸರಿ. ಮೂರೂ ಬೇರೆ ಬೇರೆ ಆಗಿದ್ದರೆ ನಿಮಗೆ ಕೊಡುತ್ತಿರುವವರೇ ಇನ್ನೊಬ್ಬರ ಬಾಡಿಗೆದಾರರು ಇರಬಹುದು. ಮೇಲಿನವರು ಬಿಲ್ಲು ಕಟ್ಟದಿದ್ದರೆ ಕೆಳಗಿನವರೆಲ್ಲ ಒಟ್ಟಿಗೆ ಬೀದಿಗೆ ಬರುತ್ತಾರೆ.

ಅದೇ ಕವನೆಂಟ್ ಟ್ಯಾಬಿನಲ್ಲಿ ಎರಡು ಸಣ್ಣ ಸಾಲುಗಳೂ ಇವೆ. ಇಲ್ಲಿ ಕೊಂಡ ಜಾಗವನ್ನು ಮತ್ತೆ ಮಾರಬಹುದೋ ಇಲ್ಲವೋ, ಒಡೆಯಬಹುದೋ ಕೂಡಿಸಬಹುದೋ ಅಂತ. ಮಾರುವ ಹಾಗಿಲ್ಲ ಎಂದಿದ್ದರೆ ಕೊಟ್ಟ ದುಡ್ಡು ವಾಪಸ್ ಬರುವ ಆಸೆ ಬಿಡಿ. ಕೆಳಗೆ ಮಾಲೀಕರು ಬರೆದ ಷರತ್ತುಗಳಿರುತ್ತವೆ. ಉದ್ದ ಇದ್ದರೂ ಪೂರ್ತಿ ಓದಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಅವರು ಅದನ್ನು ತಿದ್ದಬಹುದು.

ಖಾಸಗಿ ಎಸ್ಟೇಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ ನೇರವಾಗಿ ನಡೆಸಿಕೊಂಡು ಬಂದವರು ತುಂಬಾ ಜನ ಇದ್ದಾರೆ. ಅಕ್ಕಪಕ್ಕದ ನಿವಾಸಿಗಳಿಗೆ ಒಂದು ಮೆಸೇಜ್ ಹಾಕಿ, ಎಷ್ಟು ದಿನದಿಂದ ಇದ್ದೀರಿ, ತೊಂದರೆ ಆದಾಗ ಮಾಲೀಕರು ಸಿಗುತ್ತಾರಾ ಅಂತ ಕೇಳಿ. ಜನ ಖುಷಿಯಿಂದ ಹೇಳುತ್ತಾರೆ. ಮುಂಗಡ ಮಾತ್ರ ಒಂದೆರಡು ವಾರಕ್ಕಿಂತ ಜಾಸ್ತಿ ಕೊಡಬೇಡಿ. ರಿಯಾಯಿತಿ ಎಷ್ಟೇ ಇರಲಿ.

ಇಡೀ ಖಾಸಗಿ ರೀಜನ್ ಅನ್ನೇ ಇನ್ನೊಬ್ಬರಿಂದ ಕೊಳ್ಳುವುದಾದರೆ, ವರ್ಗಾವಣೆ ಲಿಂಡನ್ ಲ್ಯಾಬ್ ಮೂಲಕವೇ ಆಗಬೇಕು. ಇಬ್ಬರೂ ಒಪ್ಪಿ ಅವರ ಸಹಾಯ ವಿಭಾಗಕ್ಕೆ ಟಿಕೆಟ್, ಅಂದರೆ ಮನವಿ ಹಾಕಬೇಕು. ‘ನಿಮ್ಮನ್ನು ಎಸ್ಟೇಟ್ ಮ್ಯಾನೇಜರ್ ಮಾಡಿದ್ದೇನೆ, ಇನ್ನು ನಿಮ್ಮದೇ’ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ಮ್ಯಾನೇಜರ್ ಅಂದರೆ ಮಾಲೀಕ ಅಲ್ಲ. ಒಂದು ಕ್ಲಿಕ್ಕಿನಲ್ಲಿ ತೆಗೆದು ಹಾಕಬಹುದು.

ಹಂತ 2: ತಿಂಗಳ ಲೆಕ್ಕ ಕಾಗದದ ಮೇಲೆ ಬರೆಯಿರಿ

ಮೇನ್‌ಲ್ಯಾಂಡ್ ಜಾಗ ಇಟ್ಟುಕೊಳ್ಳಲು ದುಡ್ಡು ಕಟ್ಟಿ ಪಡೆಯುವ ಪ್ರೀಮಿಯಂ ಸದಸ್ಯತ್ವ ಬೇಕು. ಅದರ ಜೊತೆ 1024 ಚದರ ಮೀಟರಿನಷ್ಟು ಜಾಗಕ್ಕೆ ಟಿಯರ್ ಇಲ್ಲ. 2018ಕ್ಕೆ ಮುಂಚೆ ಇದು 512 ಇತ್ತು, ಹಳೆಯ ಲೇಖನಗಳಲ್ಲಿ ಆ ಸಂಖ್ಯೆ ಕಂಡರೆ ಗಲಿಬಿಲಿ ಬೇಡ. ಪ್ರೀಮಿಯಂ ಪ್ಲಸ್ ಅನ್ನುವ ದುಬಾರಿ ಸದಸ್ಯತ್ವದಲ್ಲಿ ಇನ್ನೂ ಜಾಸ್ತಿ ಸಿಗುತ್ತದೆ.

1024 ದಾಟಿದ ಮೇಲೆ ಟಿಯರ್ ಶುರು. ಅದು ಮೀಟರ್ ಲೆಕ್ಕದಲ್ಲಿ ಏರುವುದಿಲ್ಲ, ಮೆಟ್ಟಿಲ ಲೆಕ್ಕದಲ್ಲಿ ಏರುತ್ತದೆ. 512, 1024, 2048, 4096 ಹೀಗೆ ಪ್ರತಿ ಮೆಟ್ಟಿಲೂ ಹಿಂದಿನದರ ಎರಡರಷ್ಟು. 2018ರಲ್ಲಿ ದರ ಇಳಿಸಿದ ಮೇಲೆ ಹೆಚ್ಚುವರಿ 2048ಕ್ಕೆ ತಿಂಗಳಿಗೆ 13 ಡಾಲರ್, 4096ಕ್ಕೆ 22 ಡಾಲರ್ ಆಯಿತು. ಕೊಳ್ಳುವ ದಿನ ಅವರ ವೆಬ್‌ಸೈಟಿನಲ್ಲೇ ದರ ನೋಡಿಕೊಳ್ಳಿ, ಮೆಟ್ಟಿಲ ಆಟ ಮಾತ್ರ ಇದೇ.

ಈಗ ನೋಡಿ. ನಿಮ್ಮ ಹತ್ತಿರ 3072 ಚದರ ಮೀಟರ್ ಇದೆ ಎಂದುಕೊಳ್ಳಿ. 1024 ಉಚಿತ, ಉಳಿದ 2048ಕ್ಕೆ 13 ಡಾಲರ್. ಮೂಲೆಯಲ್ಲಿ 4 ಮೀಟರ್ ಉದ್ದ, 4 ಮೀಟರ್ ಅಗಲದ ಒಂದು ಚೂರು ಬೇರೆಯವರದ್ದು, ಕಣ್ಣಿಗೆ ಚುಚ್ಚುತ್ತಿದೆ. ಅವರು ಅದನ್ನು 100 ಲಿಂಡನ್ ಡಾಲರಿಗೆ ಕೊಡುತ್ತಾರೆ. ಅರ್ಧ ಡಾಲರೂ ಇಲ್ಲ ಅಂತ ಕೊಂಡುಬಿಡುತ್ತೀರಿ. ಆ 16 ಚದರ ಮೀಟರ್ ನಿಮ್ಮನ್ನು ಮುಂದಿನ ಮೆಟ್ಟಿಲಿಗೆ ಹತ್ತಿಸುತ್ತದೆ. ಬಿಲ್ಲು 13ರಿಂದ 22ಕ್ಕೆ. ವರ್ಷಕ್ಕೆ 108 ಡಾಲರ್ ಜಾಸ್ತಿ, ಒಂದು ಚಾಪೆ ಹಾಸಿದಷ್ಟು ಜಾಗಕ್ಕೆ.

ಇದಕ್ಕೊಂದು ದಾರಿ ಇದೆ. ಗುಂಪಿನ ಹೆಸರಿನಲ್ಲಿ ಜಾಗ ಇಟ್ಟರೆ ಲಿಂಡನ್ ಲ್ಯಾಬ್ ಹತ್ತು ಪರ್ಸೆಂಟ್ ಹೆಚ್ಚುವರಿ ಕೊಡುತ್ತದೆ. 1024ರ ಪಾಲು ಗುಂಪಿಗೆ ಕೊಟ್ಟರೆ ಸುಮಾರು 1126ರವರೆಗೆ ಇಟ್ಟುಕೊಳ್ಳಬಹುದು. ಆ ಥರದ ಚೂರುಗಳು ಅದರಲ್ಲೇ ಹಿಡಿಸುತ್ತವೆ. ಗುಂಪಿಗೆ ಅದರದೇ ಅಪಾಯಗಳಿವೆ, ಮುಂದೆ ಹೇಳುತ್ತೇನೆ.

ಇನ್ನೊಂದು, ಬಿಲ್ಲು ಹಾಕುವುದು ಇವತ್ತು ಎಷ್ಟಿದೆ ಅಂತ ನೋಡಿ ಅಲ್ಲ. ಕಳೆದ 30 ದಿನದಲ್ಲಿ ಅತಿ ಹೆಚ್ಚು ಎಷ್ಟು ಇಟ್ಟುಕೊಂಡಿದ್ದಿರಿ ಅನ್ನುವುದರ ಮೇಲೆ. ಮನೆ ಬದಲಿಸುವವರು ಸಾಮಾನ್ಯವಾಗಿ ಹೊಸ ಜಾಗ ಕೊಂಡು, ಸಾಮಾನು ಸಾಗಿಸಿ, ಆಮೇಲೆ ಹಳೆಯದನ್ನು ಮಾರುತ್ತಾರೆ. ಎರಡೂ ಒಂದೇ ಗಂಟೆ ನಿಮ್ಮ ಹೆಸರಿನಲ್ಲಿದ್ದರೂ ಸಾಕು, ಆ ತಿಂಗಳು ಎರಡರ ಲೆಕ್ಕವೂ ಬೀಳುತ್ತದೆ. ಸಾಮಾನೆಲ್ಲ ಇನ್ವೆಂಟರಿಗೆ, ಅಂದರೆ ನಿಮ್ಮ ಖಾತೆಯ ಉಗ್ರಾಣಕ್ಕೆ ತೆಗೆದುಕೊಂಡು, ಮೊದಲು ಹಳೆಯದನ್ನು ಬಿಟ್ಟು, ಆಮೇಲೆ ಹೊಸದನ್ನು ಕೊಳ್ಳಿ.

ಪ್ರೀಮಿಯಂ ಸದಸ್ಯರಿಗೆ ಬೆಲಿಸೇರಿಯಾ ಖಂಡದಲ್ಲಿ ಲಿಂಡನ್ ಹೋಮ್ ಸಿಗುತ್ತದೆ, 2019ರಲ್ಲಿ ತೆರೆದದ್ದು. ಕೊಳ್ಳುವ ಬೆಲೆ ಇಲ್ಲ, ಮನೆ ಕಟ್ಟಿಯೇ ಕೊಡುತ್ತಾರೆ, ಅಕ್ಕಪಕ್ಕವೂ ಚೊಕ್ಕವಾಗಿದೆ. ಹೊಸಬರಿಗೆ ನನ್ನ ಸಲಹೆ ಇದೇ, ಮೂರು ತಿಂಗಳು ಇಲ್ಲಿದ್ದು ನೋಡಿ. ಆದರೆ 1024ರ ಲಿಂಡನ್ ಹೋಮ್ ನಿಮ್ಮ ಉಚಿತ ಪಾಲನ್ನು ಪೂರ್ತಿ ತಿಂದುಬಿಡುತ್ತದೆ. ಅದನ್ನು ಇಟ್ಟುಕೊಂಡೇ ಮೇನ್‌ಲ್ಯಾಂಡಿನಲ್ಲಿ ಇನ್ನೊಂದು ಜಾಗ ಕೊಂಡರೆ ಮೊದಲ ಮೀಟರಿನಿಂದಲೇ ಟಿಯರ್.

ಭಾರತದಿಂದ ಕಟ್ಟುವವರು ಕಾರ್ಡಿನ ವಿಷಯವನ್ನೂ ನೋಡಬೇಕು. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ, ತಿಂಗಳು ತಿಂಗಳೂ ತಾನಾಗಿ ಕಡಿತವಾಗುವ ವಿದೇಶಿ ಪಾವತಿಗಳು ಎಷ್ಟೋ ಕಾರ್ಡುಗಳಲ್ಲಿ ಆಗದೆ ವಾಪಸ್ ಹೋದವು. ಬಾಕಿ ಉಳಿದರೆ ಖಾತೆ ತಡೆಹಿಡಿಯುತ್ತಾರೆ, ಹಾಗೇ ಬಿಟ್ಟರೆ ಜಾಗವೂ ಹೋಗುತ್ತದೆ. ಜಾಗ ಕೊಳ್ಳುವ ಮುಂಚೆ ಒಂದು ತಿಂಗಳು ಬರೀ ಪ್ರೀಮಿಯಂ ತೆಗೆದುಕೊಂಡು, ಎರಡನೇ ತಿಂಗಳ ದುಡ್ಡು ತಾನಾಗಿ ಹೋಯಿತಾ ನೋಡಿ. ವಿದೇಶಿ ವಹಿವಾಟಿಗೆ ಬ್ಯಾಂಕು ಹಾಕುವ ಶುಲ್ಕವನ್ನೂ ಲೆಕ್ಕಕ್ಕೆ ಸೇರಿಸಿ.

ಹಂತ 3: ಜಾಗಕ್ಕೆ ಹೋಗಿ ನಿಂತುಕೊಳ್ಳಿ

ಫೋಟೋ ನೋಡಿ ಕೊಳ್ಳಬೇಡಿ. ಹೋಗಿ. ಒಂದೇ ಸಲ ಅಲ್ಲ, ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ಸಲ. ಭಾರತದ ಬೆಳಿಗ್ಗೆ ಅಲ್ಲಿ ಅಮೆರಿಕದವರ ಸಂಜೆ, ಜನ ತುಂಬುವ ಹೊತ್ತು. ಪಕ್ಕದಲ್ಲಿ ಡ್ಯಾನ್ಸ್ ಕ್ಲಬ್ ಇದ್ದರೆ ಆಗಲೇ ಗೊತ್ತಾಗುವುದು. ಒಂದು ರೀಜನ್‌ನಲ್ಲಿರುವವರೆಲ್ಲ ಒಂದೇ ಸರ್ವರ್ ಪಾಲು ಹಂಚಿಕೊಳ್ಳುತ್ತಾರೆ. ಕ್ಲಬ್ ತುಂಬಿದರೆ ನಿಮ್ಮ ಮನೆಯೊಳಗೆ ನಿಮ್ಮ ಪಾತ್ರ ಹೆಜ್ಜೆ ಇಡಲೂ ತಡವರಿಸುತ್ತದೆ. ಕಂಟ್ರೋಲ್, ಶಿಫ್ಟ್ ಮತ್ತು 1 ಒಟ್ಟಿಗೆ ಒತ್ತಿದರೆ ಅಂಕಿಅಂಶದ ಪಟ್ಟಿ ಬರುತ್ತದೆ. ಅದರಲ್ಲಿ ‘ಟೈಮ್ ಡೈಲೇಷನ್’ 1ರ ಹತ್ತಿರ, ‘ಸಿಮ್ ಎಫ್‌ಪಿಎಸ್’ 45ರ ಹತ್ತಿರ ಇರಬೇಕು. ಜನ ಇರುವ ಹೊತ್ತಿನಲ್ಲೂ ಹಾಗೇ ಇದ್ದರೆ ಒಳ್ಳೆಯ ರೀಜನ್.

ಆಮೇಲೆ ಚಕ್ಕುಬಂದಿ. ವ್ಯೂವರ್, ಅಂದರೆ ಸೆಕೆಂಡ್ ಲೈಫ್ ತೆರೆಯುವ ಪ್ರೋಗ್ರಾಂನ ಮೆನುವಿನಲ್ಲಿ ‘ಲ್ಯಾಂಡ್ ಓನರ್ಸ್’ ಅಂತ ಒಂದು ಆಯ್ಕೆ ಇದೆ. ಅದನ್ನು ಹಚ್ಚಿದರೆ ನೆಲಕ್ಕೆ ಬಣ್ಣ ಬರುತ್ತದೆ. ನಿಮ್ಮದು ಹಸಿರು, ಬೇರೆಯವರದ್ದು ಕೆಂಪು, ಮಾರಾಟಕ್ಕಿರುವುದು ಹಳದಿ. ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು, ಒಂದೊಂದನ್ನೂ ಒತ್ತಿ ನೋಡಿ. ‘ಪಕ್ಕದಲ್ಲೇ ನೀರು’ ಅಂದದ್ದು ನೆನಪಿದೆಯಲ್ಲ? ಆ ನೀರಿನ ತಳವೂ ಯಾರದೋ ಪಾರ್ಸೆಲ್ ಇರಬಹುದು. ನಾಳೆ ಅವರು ಅಲ್ಲಿ ಹತ್ತು ಅಂತಸ್ತಿನ ಗೋಪುರ ನಿಲ್ಲಿಸಿದರೆ ನೀವು ಏನೂ ಮಾಡಲಾಗದು. ಮಾಲೀಕರು ಗವರ್ನರ್ ಲಿಂಡನ್ (ಲಿಂಡನ್ ಲ್ಯಾಬ್‌ನದೇ ಖಾತೆ) ಎಂದಿದ್ದು, ರಕ್ಷಿತ ನೀರು ಅಥವಾ ರಕ್ಷಿತ ರಸ್ತೆ ಅಂತ ಬರೆದಿದ್ದರೆ ನೋಟ ಉಳಿಯುತ್ತದೆ. ದೋಣಿ ಓಡಿಸುವ ಆಸೆ ಇದ್ದರೆ ಆ ರಕ್ಷಿತ ನೀರು ಎಲ್ಲೂ ಕಡಿಯದೆ ದೊಡ್ಡ ಸಮುದ್ರದವರೆಗೆ ಹೋಗುತ್ತದಾ ಅಂತ ಖುದ್ದು ದೋಣಿಯಲ್ಲೇ ಹೋಗಿ ನೋಡಿ.

ಗವರ್ನರ್ ಲಿಂಡನ್ ಹೆಸರಿದ್ದು, ‘ಬಿಟ್ಟುಹೋದ ಜಾಗ’ ಎಂದಿದ್ದರೆ ಕತೆ ಬೇರೆ. ಇವತ್ತು ಖಾಲಿ ಹುಲ್ಲುಗಾವಲು, ನಾಳೆ ಯಾರು ಬೇಕಾದರೂ ಬರಬಹುದು. ನಿಮಗೆ ಅದರಲ್ಲಿ ಅವಕಾಶವೂ ಇದೆ. ಪ್ರೀಮಿಯಂ ಸದಸ್ಯರು ಟಿಕೆಟ್ ಹಾಕಿ ಇಂಥ ಜಾಗ ಕೇಳಬಹುದು, ಬಹಳ ಕಾಲದಿಂದ ಇರುವ ದರ ಚದರ ಮೀಟರಿಗೆ 1 ಲಿಂಡನ್ ಡಾಲರ್. ಪಕ್ಕದಲ್ಲೇ ಇಂಥದ್ದು ಬಿದ್ದಿರುವಾಗ ಮಾರಾಟಗಾರರಿಗೆ ಹತ್ತು ಪಟ್ಟು ಕೊಡುವವರನ್ನು ಕಂಡಿದ್ದೇನೆ.

ಕೊನೆಗೆ ‘ಆಬ್ಜೆಕ್ಟ್ಸ್’ ಟ್ಯಾಬ್. ಆ ಜಾಗದಲ್ಲಿ ಎಷ್ಟು ಸಾಮಾನು ಇಡಬಹುದು ಅನ್ನುವುದಕ್ಕೆ ಮಿತಿ ಇದೆ. ಪ್ರತಿ ಸಾಮಾನಿಗೂ ಅದರ ಭಾರಕ್ಕೆ ತಕ್ಕ ಅಂಕ ಇದೆ, ಮೇನ್‌ಲ್ಯಾಂಡಿನ 1024ಕ್ಕೆ ಒಟ್ಟು ಸಾಮಾನ್ಯವಾಗಿ 351 ಅಂಕ. ಒಂದು ಮನೆಯೇ ನೂರೈವತ್ತು ತಿನ್ನಬಹುದು, ಒಂದು ಮರ ಐದು. ಖಾಸಗಿ ಎಸ್ಟೇಟಿನಲ್ಲಿ ಹೋಮ್‌ಸ್ಟೆಡ್ ಅನ್ನುವ ಅಗ್ಗದ ರೀಜನ್ ಇದೆ. ಅದರಲ್ಲಿ ಇಡೀ ಚೌಕಕ್ಕೆ ಸೇರಿ ಸಾಮಾನ್ಯವಾಗಿ 5,000 ಮಾತ್ರ. ಅಲ್ಲಿ ದೊಡ್ಡ ಜಾಗ ಕಡಿಮೆ ಬಾಡಿಗೆಗೆ ಸಿಗುತ್ತದೆ, ಮೇಲೆ ಕಟ್ಟಲು ಹೋದರೆ ಅರ್ಧಕ್ಕೇ ಮಿತಿ ಮುಟ್ಟುತ್ತದೆ. ಹಾಗಾಗಿ ಮೀಟರ್ ಹೋಲಿಸಬೇಡಿ, ಈ ಸಂಖ್ಯೆ ಹೋಲಿಸಿ.

ಹಂತ 4: ಗುಂಡಿ ಒತ್ತುವಾಗ

ಕೊಳ್ಳುವ ಕಿಟಕಿಯಲ್ಲಿ ಚದರ ಮೀಟರ್, ಬೆಲೆ, ಸಾಮಾನು ಸೇರಿದೆಯೋ ಇಲ್ಲವೋ, ಟಿಯರ್ ಏರುತ್ತದೋ ಇಲ್ಲವೋ ಎಲ್ಲ ಬರೆದಿರುತ್ತದೆ. ನಿಧಾನ ಓದಿ. ‘ಅಬೌಟ್ ಲ್ಯಾಂಡ್’ನಲ್ಲಿ ಗುಂಪಿಗಾಗಿ ಕೊಳ್ಳುವ ಗುಂಡಿ ಬೇರೆ ಇದೆ. ಬೇಕೆಂದೇ ಮಾಡದಿದ್ದರೆ ಅದನ್ನು ಒತ್ತಬೇಡಿ.

ಗುಂಪಿನ ಹೆಸರಿಗೆ ಜಾಗ ಹಾಕುವವರು, ಯಾವ ಹುದ್ದೆಯವರಿಗೆ ಜಾಗ ಮಾರುವ, ಬಿಟ್ಟುಕೊಡುವ ಅಧಿಕಾರ ಇದೆ ಅಂತ ಮೊದಲು ನೋಡಿ. ಪರಿಚಯದವರು ಅಂತ ಸುಮ್ನೆ ಎಲ್ಲರಿಗೂ ಅಧಿಕಾರ ಕೊಟ್ಟು, ಆಮೇಲೆ ಜಗಳವಾದಾಗ ಜಾಗ ಕಳೆದುಕೊಂಡವರಿದ್ದಾರೆ. ಗುಂಪಿನಲ್ಲಿ ಕನಿಷ್ಠ ಇಬ್ಬರು ಇರಲೇಬೇಕು. ಒಬ್ಬರೇ ಉಳಿದರೆ 48 ಗಂಟೆ ಕಳೆದ ಮೇಲೆ ಗುಂಪು ರದ್ದಾಗುತ್ತದೆ, ಜಾಗ ಕೈತಪ್ಪುತ್ತದೆ. ನಿಮ್ಮದೇ ಎರಡನೇ ಖಾತೆಯನ್ನು ಅದರಲ್ಲಿ ಸೇರಿಸಿಡಿ.

ಲಾಭಕ್ಕೆ ಕೊಳ್ಳುತ್ತಿದ್ದರೆ

ಬೇಡ ಅನ್ನುವುದು ನನ್ನ ಮಾತು. ಕಾರಣ ಸರಳ. ನಮ್ಮ ಊರಿನಲ್ಲಿ ಜಾಗ ಹೊಸದಾಗಿ ಹುಟ್ಟುವುದಿಲ್ಲ. ಅಲ್ಲಿ ಇನ್ನೊಂದು ಸರ್ವರ್ ಹಚ್ಚಿದರೆ ಜಾಗ ಹುಟ್ಟುತ್ತದೆ. ದರವೂ ಕಂಪನಿಯ ಕೈಯಲ್ಲಿದೆ. ಓಪನ್‌ಸ್ಪೇಸ್ ಎಂಬ ಅಗ್ಗದ ರೀಜನ್‌ಗಳನ್ನು ತುಂಬಾ ಜನ ಕೊಂಡಿದ್ದರು. 2008ರ ಅಕ್ಟೋಬರಿನಲ್ಲಿ ಅದರ ತಿಂಗಳ ಶುಲ್ಕ 75 ಡಾಲರಿನಿಂದ 125ಕ್ಕೆ ಏರುತ್ತದೆ ಎಂದು ಲಿಂಡನ್ ಲ್ಯಾಬ್ ಹೇಳಿತು. ಗಲಾಟೆಯಾಗಿ ಯೋಜನೆ ಬದಲಾಯಿತು, ಆದರೆ ಬಾಡಿಗೆಯ ಲೆಕ್ಕ ಹಾಕಿ ಕೊಂಡವರ ಲೆಕ್ಕ ಅಷ್ಟರಲ್ಲಿ ತಲೆಕೆಳಗಾಗಿತ್ತು.

ಬ್ಲಾಕ್‌ಚೈನ್ ಮೇಲಿನ ಡಿಸೆಂಟ್ರಲ್ಯಾಂಡ್, ಸ್ಯಾಂಡ್‌ಬಾಕ್ಸ್ ಥರದ ಜಗತ್ತುಗಳಲ್ಲಿ ಟಿಯರ್ ಇಲ್ಲ, ಜಾಗದ ಒಡೆತನ ತೋರಿಸುವ ಟೋಕನ್ ನಿಮ್ಮ ಡಿಜಿಟಲ್ ವ್ಯಾಲೆಟ್‌ನಲ್ಲೇ ಇರುತ್ತದೆ. 2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪನಿ ಮೆಟಾ ಎಂದು ಹೆಸರು ಬದಲಿಸಿಕೊಂಡ ಮೇಲೆ ಅಲ್ಲಿ ಬೆಲೆ ಹುಚ್ಚೆದ್ದು ಏರಿತು. ಆ ನವೆಂಬರಿನಲ್ಲಿ ಡಿಸೆಂಟ್ರಲ್ಯಾಂಡಿನ ಒಂದಿಷ್ಟು ಪಾರ್ಸೆಲ್ಲುಗಳು ಸುಮಾರು 24 ಲಕ್ಷ ಡಾಲರಿಗೆ ಹೋದವು. ಮರುವರ್ಷ ಬೆಲೆ ನೆಲಕಚ್ಚಿತು. ಟೋಕನ್ ಕೈಯಲ್ಲಿ ಉಳಿದರೂ, ಆ ಜಗತ್ತಿಗೆ ಜನ ಬರದಿದ್ದರೆ ಅದನ್ನು ಕೊಳ್ಳುವವರು ಯಾರು? ಭಾರತದಲ್ಲಿ ತೆರಿಗೆ ಕಟ್ಟುವವರಿಗೆ ಇನ್ನೊಂದು ಹೊಡೆತ ಇದೆ. ಇಂಥ ಟೋಕನ್ ಮಾರಿದ ಲಾಭಕ್ಕೆ 2022ರ ಏಪ್ರಿಲ್‌ನಿಂದ 30 ಪರ್ಸೆಂಟ್ ತೆರಿಗೆ. ಒಂದರಲ್ಲಿ ನಷ್ಟ ಆದರೆ ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ.

ಬಿಟ್ಟು ಹೋಗುವಾಗ

ಮಾರುವಾಗಲೂ ದುಡ್ಡು ಹೋಗುತ್ತದೆ. ಸ್ನೇಹಿತರಿಗೋ ನಿಮ್ಮದೇ ಇನ್ನೊಂದು ಖಾತೆಗೋ ಕೊಡಲು ಬೆಲೆಯ ಜಾಗದಲ್ಲಿ 1 ಹಾಕುತ್ತೀರಿ. ಯಾರಿಗೆ ಅನ್ನುವ ಕಡೆ ‘ಎನಿಒನ್’ ಎಂದು ಬಿಟ್ಟಿದ್ದರೆ ನಿಮ್ಮ ಸ್ನೇಹಿತರು ಬರುವಷ್ಟರಲ್ಲಿ ಬೇರೆ ಯಾರೋ ಕೊಂಡಾಗಿರುತ್ತದೆ. ಅಗ್ಗದ ಜಾಗ ಹುಡುಕಿ ಕ್ಷಣದಲ್ಲಿ ಕೊಳ್ಳಲೆಂದೇ ಪ್ರೋಗ್ರಾಂಗಳನ್ನು ಬಿಟ್ಟಿದ್ದ ಕಾಲವೂ ಇತ್ತು. ಆ ಕಡೆ ಯಾವಾಗಲೂ ಕೊಳ್ಳುವವರ ಹೆಸರನ್ನೇ ಆರಿಸಿ. ಬೇರೆಯವರಿಗೆ ಮಾರುವಾಗ ಸೊನ್ನೆಗಳನ್ನು ಎಣಿಸಿ, ಜಾಗದ ಜೊತೆ ಸಾಮಾನನ್ನೂ ಮಾರುವ ಗುರುತು ಇದೆಯಾ ನೋಡಿ.

ಸಾಮಾನು ತೆಗೆಯುವುದು ಮಾರಾಟಕ್ಕೆ ಮುಂಚೆ ಆಗಬೇಕು. ಹೊಸ ಮಾಲೀಕರು ವಾಪಸ್ ಕಳಿಸಿದರೆ ಎಲ್ಲ ಗಂಟು ಕಟ್ಟಿ ಇನ್ವೆಂಟರಿಯ ‘ಲಾಸ್ಟ್ ಅಂಡ್ ಫೌಂಡ್’ ಫೋಲ್ಡರಿಗೆ ಬಂದು ಬೀಳುತ್ತದೆ, ಬಿಡಿಸಿಕೊಳ್ಳುವುದು ಕಷ್ಟ. ಕೈಯಾರೆ ಮಾಡಿದ್ದನ್ನು ಮಾಡಿದ ದಿನವೇ ಒಂದು ಪ್ರತಿ ಇನ್ವೆಂಟರಿಯಲ್ಲಿ ಇಟ್ಟುಕೊಳ್ಳಿ.

ಜಾಗ ಹೋದ ಮಾತ್ರಕ್ಕೆ ಟಿಯರ್ ಮೆಟ್ಟಿಲು ತಾನಾಗಿ ಇಳಿಯುವುದಿಲ್ಲ. ವೆಬ್‌ಸೈಟಿನಲ್ಲಿ ನಿಮ್ಮ ಖಾತೆಗೆ ಹೋಗಿ, ಜಾಗದ ಶುಲ್ಕದ ಪುಟದಲ್ಲಿ ಕೆಳಗಿನ ಮೆಟ್ಟಿಲನ್ನು ನೀವೇ ಆರಿಸಬೇಕು. ಗುಂಪಿಗೆ ಕೊಟ್ಟ ಪಾಲಿದ್ದರೆ ಅದನ್ನೂ ವಾಪಸ್ ಪಡೆಯಬೇಕು. ಅದೇ ದಿನ ಮಾಡಿ, ಮುಂದಿನ ತಿಂಗಳ ಬಿಲ್ಲು ಬಂದಾಗ ತೆರೆದು ನೋಡಿ.